ತಕ್ಕಡಿ ಎಲ್ಲರಿಗೂ ಒಂದೇ ಇರಲಿ



ಲೈನುಮನೆಗಳಲ್ಲಿ ಹುಟ್ಟಿದ ನಮ್ಮ ಮಕ್ಕಳು ಈಗ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾರೆ. ಮನೆ ಬಿಟ್ಟು ಹಾಸ್ಟೆಲಿನಲ್ಲಿರುವ ಮಗುವಿಗೆ ಅಲ್ಲಿಯ ಪ್ರಾರ್ಥನಾ ಕೂಟವೇ ಎಷ್ಟೋ ಸಲ ತಾಯಿಮನೆಯಾಗುತ್ತದೆ. ಇಂಥ ಕೂಟದಲ್ಲಿ ಯಾರು ಸದಸ್ಯರಾಗಬಹುದು, ಯಾರು ಮುಂದಾಳಾಗಬಹುದು ಎಂದು ಹೇಳುವವರು ಯಾರು? ಕೂಟದವರೋ, ಕಾಲೇಜಿನವರೋ? ಅಮೇರಿಕಾ ದೇಶದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಶ್ನೆಯು ನ್ಯಾಯಾಲಯದ ವರೆಗೂ ಹೋಗಿದೆ. ಆ ವ್ಯಾಜ್ಯಗಳಿಂದ ನಾವು ಕಲಿಯತಕ್ಕ ಪಾಠವೊಂದಿದೆ.

ಮೊದಲನೆಯದು ಮಿಸ್ಸೂರಿ ವಿಶ್ವವಿದ್ಯಾಲಯದ್ದು. ಕ್ಯಾನ್ಸಸ್ ಸಿಟಿಯಲ್ಲಿದ್ದ ಅದರ ಕಾಲೇಜು ತನ್ನ ಕೊಠಡಿಗಳನ್ನು ನೂರಕ್ಕೂ ಹೆಚ್ಚು ವಿದ್ಯಾರ್ಥಿ ಸಂಘಗಳಿಗೆ ಬಿಟ್ಟುಕೊಡುತ್ತಿತ್ತು. ಆದರೆ 1977ರಲ್ಲಿ ಒಂದು ಕ್ರೈಸ್ತ ಕೂಟಕ್ಕೆ, ಆರಾಧನೆ ನಡೆಸುತ್ತೀರೆಂಬ ಕಾರಣಕ್ಕೆ, ಬಾಗಿಲು ಮುಚ್ಚಿತು. 1981ರಲ್ಲಿ ಸುಪ್ರೀಮ್ ಕೋರ್ಟು ಕೂಟದ ಪರವಾಗಿ ತೀರ್ಪು ಕೊಟ್ಟಿತು. ಎಲ್ಲರಿಗೂ ತೆರೆದ ಬಾಗಿಲನ್ನು ಒಬ್ಬರಿಗೆ ಮಾತ್ರ ಮುಚ್ಚಬಾರದೆಂಬುದೇ ಅದರ ಸಾರ.

ಎರಡನೆಯದು ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಗ ಹೇಸ್ಟಿಂಗ್ಸ್ ಎಂಬ ಹೆಸರಿದ್ದ ಕಾನೂನು ಕಾಲೇಜಿನದು. ಅಲ್ಲಿ ಹತ್ತು ವರ್ಷ ನಡೆದಿದ್ದ ಕ್ರೈಸ್ತ ಕೂಟವು 2004ರಲ್ಲಿ ಕ್ರಿಶ್ಚಿಯನ್ ಲೀಗಲ್ ಸೊಸೈಟಿ ಎಂಬ ರಾಷ್ಟ್ರೀಯ ಸಂಸ್ಥೆಯನ್ನು ಸೇರಿ ಹೊಸ ನಿಯಮ ಮಾಡಿಕೊಂಡಿತು. ಸದಸ್ಯರೆಲ್ಲರೂ ವಿಶ್ವಾಸ ಪ್ರಮಾಣಕ್ಕೆ ರುಜು ಹಾಕಬೇಕು. ಬೇರೆ ವಿಶ್ವಾಸದವರಿಗೂ, ಸಲಿಂಗ ಸಂಬಂಧವನ್ನು ಪಾಪವೆಂದು ಒಪ್ಪಿ ಬಿಡದವರಿಗೂ ಸದಸ್ಯತ್ವವಿಲ್ಲ. ಬಂದು ಕೂಡುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ನೋಂದಾಯಿಸಿದ ಪ್ರತಿಯೊಂದು ಸಂಘವೂ ಎಲ್ಲ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕೆಂದು ಕಾಲೇಜು ಹೇಳಿತು. ಕೂಟಕ್ಕೆ ನೋಂದಣಿ ತಪ್ಪಿತು. ಅದರೊಂದಿಗೆ ಹಣದ ಸಹಾಯವೂ, ಕಾಲೇಜಿನ ಹೆಸರನ್ನು ಬಳಸುವ ಹಕ್ಕೂ ತಪ್ಪಿದವು. 2010ರ ಜೂನ್ 28ರಂದು ಐದು ನ್ಯಾಯಾಧೀಶರು ಕಾಲೇಜಿನ ಪರವಾಗಿಯೂ ನಾಲ್ವರು ವಿರೋಧವಾಗಿಯೂ ಅಭಿಪ್ರಾಯ ಕೊಟ್ಟರು. ನಿಯಮವು ಎಲ್ಲ ಸಂಘಗಳಿಗೂ ಒಂದೇ ಆಗಿರುವದರಿಂದ ತಪ್ಪಿಲ್ಲವೆಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದರು. ಇಂಥ ನಿಯಮದ ಭಾರವು ಜನರಿಗೆ ಹಿಡಿಸದ ಸಣ್ಣ ಗುಂಪುಗಳ ಮೇಲೆಯೇ ಬೀಳುವದೆಂದು ನ್ಯಾಯಮೂರ್ತಿ ಅಲಿಟೋ ಎಚ್ಚರಿಸಿದರು.

ಮೂರನೆಯದು ಅಯೋವಾ ವಿಶ್ವವಿದ್ಯಾಲಯದ್ದು. ಸಲಿಂಗಿಯಾದ ವಿದ್ಯಾರ್ಥಿಯೊಬ್ಬನಿಗೆ ಮುಂದಾಳುತನ ಕೊಡಲಿಲ್ಲವೆಂಬ ದೂರಿನ ಮೇಲೆ ಒಂದು ಕ್ರೈಸ್ತ ಕೂಟದ ನೋಂದಣಿಯನ್ನು 2017ರಲ್ಲಿ ರದ್ದು ಮಾಡಿದರು. ಮರುವರ್ಷ ಇನ್ನಷ್ಟು ಧಾರ್ಮಿಕ ಕೂಟಗಳಿಗೆ, ಸಿಖ್ ಮತ್ತು ಮುಸ್ಲಿಮ್ ವಿದ್ಯಾರ್ಥಿಗಳ ಕೂಟಗಳಿಗೂ, ಅದೇ ಗತಿಯಾಯಿತು. ಆದರೆ ಗಂಡಸರಿಗೆ ಮಾತ್ರ, ಹೆಂಗಸರಿಗೆ ಮಾತ್ರ ಎಂದು ನಡೆಯುತ್ತಿದ್ದ ಬೇರೆ ಸಂಘಗಳನ್ನು ಮುಟ್ಟಲಿಲ್ಲ. 2021ರಲ್ಲಿ ಮೇಲ್ಮನವಿ ನ್ಯಾಯಾಲಯವು ಇದು ತಪ್ಪೆಂದು ತೀರ್ಮಾನಿಸಿ, ಅಧಿಕಾರಿಗಳೇ ಸ್ವಂತ ಹೊಣೆಗಾರರಾಗಬೇಕೆಂದು ಹೇಳಿತು.

ಮೂರು ತೀರ್ಪುಗಳನ್ನೂ ಒಟ್ಟಿಗೆ ಇಟ್ಟು ನೋಡಿರಿ. ಕ್ರೈಸ್ತರು ಎರಡು ಸಲ ಗೆದ್ದರು, ಒಂದು ಸಲ ಸೋತರು. ಮೂರರಲ್ಲಿಯೂ ನ್ಯಾಯಾಲಯ ಕೇಳಿದ ಪ್ರಶ್ನೆ ಮಾತ್ರ ಒಂದೇ: ಅಳತೆ ಎಲ್ಲರಿಗೂ ಒಂದೇ ಇತ್ತೋ? ಎಲೆ ತೂಗುವ ಜಾಗದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒದ್ದೆ ಎಲೆಗೆಂದು ಎಲ್ಲರ ತೂಕದಲ್ಲಿಯೂ ಕಳೆದರೆ ಗೊಣಗುತ್ತೇವೆ, ಸಹಿಸುತ್ತೇವೆ. ಒಬ್ಬಳದರಲ್ಲಿ ಮಾತ್ರ ಕಳೆದರೆ ಅದು ಅನ್ಯಾಯ.

ಭೇದಭಾವದ ವಿರುದ್ಧವಾದ ನಿಯಮವನ್ನು ನಾವು ವೈರಿಯೆಂದು ಎಣಿಸಬಾರದು. ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜಾತಿ, ಲಿಂಗ, ಹುಟ್ಟೂರುಗಳ ಮೇಲೆ ಸರಕಾರವು ಭೇದ ಮಾಡಬಾರದೆಂದು ಹೇಳುವದರಿಂದಲೇ ನಮ್ಮ ಮಕ್ಕಳು ಇಂದು ಬೇರೆಯವರ ಪಕ್ಕದ ಬೆಂಚಿನಲ್ಲಿ ಕೂತಿದ್ದಾರೆ. ಹೊರಗೆ ನಿಲ್ಲಿಸಲ್ಪಟ್ಟವರ ನೋವು ಗೊತ್ತಿರುವ ನಾವು ಇನ್ನೊಬ್ಬನನ್ನು ಹೊರಗೆ ನಿಲ್ಲಿಸುವ ಮೊದಲು ನೂರು ಸಲ ಯೋಚಿಸಬೇಕು.

ಆದರೂ ಅಲಿಟೋರ ಎಚ್ಚರಿಕೆಯನ್ನು ತಳ್ಳಿಬಿಡಲಾರೆವು. ಕಾರ್ಮಿಕ ಸಂಘದ ಕಾರ್ಯದರ್ಶಿ ಯಾರೆಂದು ತೋಟದ ಮಾಲೀಕರು ಗೊತ್ತುಮಾಡಿದರೆ ಅದು ಸಂಘವಾಗಿ ಉಳಿದೀತೇ? ಸಂಘಗಳನ್ನು ಕಟ್ಟುವ ಹಕ್ಕನ್ನು 19ನೆಯ ಅನುಚ್ಛೇದವು ಕೊಡುತ್ತದೆ. ಆ ಹಕ್ಕಿಗೆ ಅರ್ಥ ಬರುವದು ನಮ್ಮ ಮುಂದಾಳನ್ನು ನಾವೇ ಆರಿಸಿದಾಗ. ಪ್ರಾರ್ಥನಾ ಕೂಟಕ್ಕೂ ಈ ಮಾತು ಸಲ್ಲುತ್ತದೆ. ದೇವರ ವಾಕ್ಯವನ್ನು ಬೋಧಿಸುವವನು ಅದನ್ನು ನಂಬಿದವನಾಗಿರಬೇಕೆಂದು ಕೇಳುವದು ದ್ವೇಷವಲ್ಲ.

ಆದುದರಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ನಮ್ಮ ಬಿನ್ನಹವಿಷ್ಟೇ. ಕೂಟದ ಬಾಗಿಲನ್ನು ಎಲ್ಲರಿಗೂ ತೆರೆದಿಡಿರಿ. ಬಂದವನ ಜಾತಿಯನ್ನೂ ಬದುಕನ್ನೂ ಹೊಸ್ತಿಲಲ್ಲಿ ವಿಚಾರಿಸಬೇಡಿರಿ. ಬೋಧಿಸುವ ಹೊಣೆಯನ್ನು ವಿಶ್ವಾಸದಲ್ಲಿ ನಿಂತವರಿಗೆ ಕೊಡಿರಿ, ಆ ನಿಯಮವನ್ನು ಮುಚ್ಚುಮರೆಯಿಲ್ಲದೆ ಬರೆದಿಡಿರಿ. ಅಧಿಕಾರಿಗಳು ಅಡ್ಡಿ ಮಾಡಿದರೆ, ಹಿಂಸೆ ಹಿಂಸೆ ಎಂದು ಕೂಗುವ ಮೊದಲು ಇದೇ ನಿಯಮವು ಬೇರೆ ಸಂಘಗಳಿಗೂ ಇದೆಯೋ ಎಂದು ವಿಚಾರಿಸಿರಿ. ಇಲ್ಲದಿದ್ದರೆ ವಿನಯದಿಂದ, ಅರ್ಜಿಯ ಮೂಲಕ, ಹೆದರದೆ ಕೇಳಿರಿ. ನಿಮ್ಮ ಪಕ್ಕದ ಸಿಖ್ ಅಥವಾ ಮುಸ್ಲಿಮ್ ಸ್ನೇಹಿತನ ಕೂಟಕ್ಕೆ ಅನ್ಯಾಯವಾದಾಗಲೂ ಅವನ ಜೊತೆಗೆ ನಿಲ್ಲಿರಿ.

ಬೇರೆಯವರಿಗೆ ಸುಳ್ಳು ತೂಕ ಮಾಡುವ ತಕ್ಕಡಿ ನಾಳೆ ನಮಗೂ ಅದನ್ನೇ ಮಾಡುತ್ತದೆ.