ಏಲಿಯನ್‌ಗೆ ಎಷ್ಟು ಕೈ?

ಸಿನಿಮಾದ ಏಲಿಯನ್‌ಗಳ ಬಗ್ಗೆ ನನಗೊಂದು ಹಳೇ ತಕರಾರಿದೆ. ಎಷ್ಟೋ ಜ್ಯೋತಿರ್ವರ್ಷ ದೂರದಿಂದ ಬಂದ ಪುಣ್ಯಾತ್ಮನಿಗೂ ಎರಡು ಕೈ, ಎರಡು ಕಾಲು, ಕತ್ತಿನ ಮೇಲೊಂದು ತಲೆ! ತಲೆ ಸ್ವಲ್ಪ ದಪ್ಪ, ಮೈ ನೀಲಿಯೋ ಹಸಿರೋ, ಅಷ್ಟೇ ವ್ಯತ್ಯಾಸ. 'ಕೋಯಿ ಮಿಲ್ ಗಯಾ'ದ ಜಾದೂ ಹಾಗೇ ಇದ್ದ. 'ಪಿಕೆ'ಯಲ್ಲಂತೂ ಅಷ್ಟು ಕಷ್ಟವನ್ನೂ ಪಡಲಿಲ್ಲ, ಸೀದಾ ಆಮಿರ್ ಖಾನ್. ಹೋಗಲಿ ಬಿಡಿ, ವೇಷದೊಳಗೆ ಒಬ್ಬ ನಟ ಹಿಡಿಸಬೇಕಲ್ಲ. ಆದರೆ ಓದಿಕೊಂಡವರೂ "ಬುದ್ಧಿವಂತ ಜೀವಿ ಅಂದಮೇಲೆ ಹೆಚ್ಚುಕಮ್ಮಿ ನಮ್ಮ ಥರಾನೇ ಇರಬೇಕು" ಅಂದಾಗ ನನಗೆ ಸುಮ್ಮನಿರೋಕೆ ಆಗಲ್ಲ.

1982ರಲ್ಲಿ ಕೆನಡಾದ ಪಳೆಯುಳಿಕೆ ತಜ್ಞ ಡೇಲ್ ರಸೆಲ್ ಒಂದು ಮಜವಾದ ಕೆಲಸ ಮಾಡಿದರು. ಡೈನೋಸಾರ್‌ಗಳು ಅಳಿಯದೇ ಇದ್ದಿದ್ದರೆ ಅವುಗಳಲ್ಲಿ ಜಾಣ ಜಾತಿಯೊಂದು ಏನಾಗುತ್ತಿತ್ತು ಅಂತ ಯೋಚಿಸಿ, ಒಂದು ಮಾದರಿಯನ್ನೇ ಮಾಡಿಸಿದರು. ಕೊನೆಗೆ ತಯಾರಾಗಿದ್ದು ನೆಟ್ಟಗೆ ನಿಂತ, ಬಾಲವಿಲ್ಲದ, ದೊಡ್ಡ ತಲೆಯ, ಹಸಿರು ಚರ್ಮದ ಮನುಷ್ಯ! ಬಾಲ ಎಲ್ಲಿ ಹೋಯ್ತು ಸ್ವಾಮಿ ಅಂತ ಬೇರೆ ವಿಜ್ಞಾನಿಗಳೇ ತಗಾದೆ ತೆಗೆದರು. ನಿಜ ಹೇಳಬೇಕೆಂದರೆ ಈ ಪ್ರಯೋಗವನ್ನು ಪ್ರಕೃತಿ ಆಗಲೇ ಮಾಡಿ ಮುಗಿಸಿದೆ. ಹಕ್ಕಿಗಳು ಡೈನೋಸಾರ್‌ಗಳ ವಂಶವೇ ತಾನೆ? ನ್ಯೂ ಕ್ಯಾಲೆಡೋನಿಯಾದ ಕಾಗೆಗಳು ಕಡ್ಡಿಯನ್ನು ತಿದ್ದಿ ತೀಡಿ ಕೊಕ್ಕೆ ಮಾಡಿಕೊಂಡು ಹುಳ ಎಳೆದು ತಿನ್ನುತ್ತವೆ. ಕೈಯಿಲ್ಲ, ಬರೀ ಕೊಕ್ಕಿನಲ್ಲಿ. ಡೈನೋಸಾರ್ ಜಾಣನಾದರೆ ಹೇಗಿರುತ್ತಾನೆ ಅನ್ನೋದಕ್ಕೆ ಉತ್ತರ ಕರೆಂಟ್ ತಂತಿಯ ಮೇಲೆ ಕೂತಿದೆ.

ಎದುರು ವಾದಕ್ಕೂ ತೂಕವಿದೆ, ಇಲ್ಲ ಅನ್ನಲ್ಲ. ಕೇಂಬ್ರಿಡ್ಜ್‌ನ ಸೈಮನ್ ಕಾನ್ವೇ ಮಾರಿಸ್ ಪ್ರಕಾರ ಜೀವವಿಕಾಸ ಮತ್ತೆ ಮತ್ತೆ ಅದೇ ಪರಿಹಾರಗಳಿಗೆ ಬಂದು ನಿಲ್ಲುತ್ತೆ. ಶಾರ್ಕ್ ಮೀನು, ಡಾಲ್ಫಿನ್ ಸಸ್ತನಿ. ಆಕಾರ ಮಾತ್ರ ಒಂದೇ. ನಮ್ಮ ಕಣ್ಣು, ಆಕ್ಟೋಪಸ್ ಕಣ್ಣು ಬೇರೆಬೇರೆಯಾಗಿ ಬೆಳೆದರೂ ಎರಡೂ ಕ್ಯಾಮೆರಾ ಥರಾನೇ. ಹಾಗಾಗಿ ಏಲಿಯನ್‌ಗೆ ಕಣ್ಣಿದ್ದರೆ ನನಗೆ ಆಶ್ಚರ್ಯವಿಲ್ಲ, ಬೆಳಕಿನ ನಿಯಮ ಎಲ್ಲ ಕಡೆ ಒಂದೇ. ಆದರೆ ನಾಲ್ಕು ಕೈಕಾಲು ಯಾವ ಭೌತಶಾಸ್ತ್ರದ ನಿಯಮ? ನೆಲಕ್ಕೆ ಹತ್ತಿದ ನಮ್ಮ ಮೀನು ಪೂರ್ವಜರಿಗೆ ಎರಡು ಜೊತೆ ಈಜುರೆಕ್ಕೆ ಇದ್ದವು, ಅದಕ್ಕೇ ನಾಲ್ಕು. ಐದು ಬೆರಳೂ ಆಮೇಲೆ ಬಿದ್ದ ಲೆಕ್ಕ. ಸುಮಾರು 36.5 ಕೋಟಿ ವರ್ಷ ಹಿಂದಿನ ಅಕಾಂತೊಸ್ಟೆಗಾಕ್ಕೆ ಮುಂಗಾಲಿನಲ್ಲಿ ಎಂಟು ಬೆರಳಿದ್ದವು. ನಮ್ಮ ಫೀಲ್ಡಿನವರಿಗೆ ಇದನ್ನು ಲೆಗಸಿ ಕೋಡ್ ಅಂದರೆ ಸಾಕು. ಯಾರೋ ಯಾವಾಗಲೋ ಬರೆದಿದ್ದು, ಈಗ ಮುಟ್ಟಿದರೆ ಎಲ್ಲಾ ಕುಸಿಯುತ್ತೆ, ಅದರ ಮೇಲೇ ಕಟ್ಟುತ್ತಾ ಹೋಗಬೇಕು. ಅನ್ನ, ಗಾಳಿ ಎರಡೂ ಒಂದೇ ಗಂಟಲಲ್ಲಿ ಹಾಯುವ ಡಿಸೈನನ್ನು ಹೊಸದಾಗಿ ಯಾರಾದರೂ ಮಾಡುತ್ತಾರಾ?

ಆಕ್ಟೋಪಸ್ಸನ್ನೇ ನೋಡಿ. ಅದಕ್ಕೂ ನಮಗೂ ಇದ್ದ ಸಮಾನ ಪೂರ್ವಜ 50 ಕೋಟಿ ವರ್ಷಕ್ಕೂ ಹಿಂದಿನದು. ಮೂಳೆಯಿಲ್ಲ. ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಭಾಗ ತೋಳುಗಳಲ್ಲೇ ಇವೆ. ಅಂದರೆ ಪ್ರತಿ ತೋಳೂ ಸ್ವಲ್ಪ ಮಟ್ಟಿಗೆ ತಾನೇ ಯೋಚಿಸುತ್ತೆ. ಹೀಗಿದ್ದೂ ಜಾಡಿಯ ಮುಚ್ಚಳ ತಿರುಗಿಸಿ ಒಳಗಿನ ಏಡಿ ತೆಗೆಯುತ್ತೆ. ಇದೇ ಭೂಮಿಯಲ್ಲಿ, ಇದೇ ನೀರು ಕುಡಿದು ಇಷ್ಟು ಬೇರೆಯಾಗಿ ಜಾಣತನ ಬರಬಹುದಾದರೆ, ಇನ್ನೆಲ್ಲೋ ಇರುವವನು ಪ್ಯಾಂಟು ಹಾಕಿಕೊಳ್ಳುವ ಆಕಾರದಲ್ಲೇ ಯಾಕಿರಬೇಕು?

ಇದು ಬರೀ ಕಾಡುಹರಟೆಯಲ್ಲ. 1960ರಲ್ಲಿ ಫ್ರಾಂಕ್ ಡ್ರೇಕ್ ಶುರು ಮಾಡಿದ ಹುಡುಕಾಟದಲ್ಲಿ ಕಿವಿಗೊಟ್ಟಿದ್ದು ರೇಡಿಯೋ ಸಂಕೇತಗಳಿಗೆ. ರೇಡಿಯೋ ಕಟ್ಟಬೇಕಾದರೆ ಲೋಹ ಬೇಕು, ಲೋಹಕ್ಕೆ ಬೆಂಕಿ ಬೇಕು. ನೀರಿನಡಿ ಎಲ್ಲಿಯ ಬೆಂಕಿ? ಗುರುಗ್ರಹದ ಚಂದ್ರ ಯುರೋಪಾದಲ್ಲಿ ಹಿಮದ ಕೆಳಗೆ ಸಮುದ್ರವಿದೆ ಎಂಬುದಕ್ಕೆ ಬಲವಾದ ಪುರಾವೆಗಳಿವೆ. 2024ರ ಅಕ್ಟೋಬರ್‌ನಲ್ಲಿ ಯುರೋಪಾ ಕ್ಲಿಪರ್ ನೌಕೆ ಅತ್ತ ಹೊರಟಿದ್ದೂ ಅದಕ್ಕೇ. ಅಂಥ ಕಗ್ಗತ್ತಲ ಸಮುದ್ರವೊಂದರಲ್ಲಿ, ಯಾವುದೋ ನಕ್ಷತ್ರದ ಬಳಿ, ಮಹಾಜ್ಞಾನಿಗಳ ಸಂತೆಯೇ ನೆರೆದಿದ್ದರೂ ನಮಗೆ ಒಂದು ಸದ್ದೂ ಕೇಳಿಸಲ್ಲ. "ಯಾರೂ ಇಲ್ಲ" ಅಂತ ಷರಾ ಬರೆಯುವ ಮುಂಚೆ, ನಾವು ಕೂಗಿದ್ದು ನಮ್ಮಂಥವರನ್ನು ಮಾತ್ರ ಅನ್ನೋದು ನೆನಪಿರಬೇಕು.

ಕೇಳೋದು ಹಾಗಿರಲಿ, ಹೇಳೋದರಲ್ಲೂ ಇದೇ ಕತೆ. 1972ರಲ್ಲಿ ಹಾರಿದ ಪಯೊನೀರ್ 10 ನೌಕೆಯ ಫಲಕದಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು ಇದ್ದಾರೆ. ಕೈ ಕೈ ಹಿಡಿದು ನಿಲ್ಲಿಸಿದರೆ ಇಬ್ಬರೂ ಸೇರಿ ಒಂದೇ ಪ್ರಾಣಿ ಅಂದುಕೊಂಡಾರು ಅಂತ ಕಾರ್ಲ್ ಸೇಗನ್ ಅವರನ್ನು ಬಿಡಿಸಿ ನಿಲ್ಲಿಸಿದರಂತೆ. ಅಷ್ಟು ಎಚ್ಚರ! ಆದರೆ ನೌಕೆ ಹೊರಟ ದಾರಿ ತೋರಿಸಲು ಅಲ್ಲೇ ಒಂದು ಬಾಣದ ಗುರುತು ಹಾಕಿದ್ದಾರೆ. ಕಲಾ ಇತಿಹಾಸಕಾರ ಅರ್ನ್ಸ್ಟ್ ಗಾಂಬ್ರಿಕ್ ಅದೇ ವರ್ಷ ಅದನ್ನು ಹಿಡಿದರು: ಬಿಲ್ಲು ಬಾಣ ಕಂಡೇ ಇರದವರಿಗೆ ಆ ಗುರುತು ಹೇಗೆ ಅರ್ಥವಾಗಬೇಕು? 2003ರ ಜನವರಿಯ ನಂತರ ನೌಕೆಯಿಂದ ಸುದ್ದಿಯಿಲ್ಲ. ಬಾಣ ಹೊತ್ತುಕೊಂಡು ಹೋಗ್ತಾನೇ ಇದೆ.