ಗಾಡಿ ನೋಡುವ ಮೊದಲು ಕರೆಂಟು ನೋಡಿ

ಅಥಣಿ ರಸ್ತೆಯ ನಮ್ಮ ಭಾಗಕ್ಕೂ ಬ್ಯಾಟರಿ ಕಾರು ಬಂದಿವೆ. ನಾಲ್ಕು ಜನ ದ್ರಾಕ್ಷಿ ಬೆಳೆಗಾರರು ಕೂಡಿದರೆ ಔಷಧದ ರೇಟು, ಮಣೂಕದ ರೇಟು ಮುಗಿದ ಮೇಲೆ ಈಗ ಇದರದೇ ಮಾತು. "ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟ್ ಓಡತೈತಿ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಟಿಕೋಟಾ ಕಡೆಯ ತೋಟದ ವಸ್ತಿಯಲ್ಲಿದ್ದುಕೊಂಡು ಇತ್ತೀಚೆಗೆ ಇಂಥ ಸಣ್ಣ ಕಾರು ಕೊಂಡವನಾಗಿ ನನ್ನ ಅಭಿಪ್ರಾಯ ಬೇರೆ. ಮೊದಲು ಕೇಳಬೇಕಾದ್ದು ಇದು: "ನನ್ನ ಮನಿಗೆ ಕರೆಂಟ್ ಎಷ್ಟ್ ತಾಸ ಇರತೈತಿ? ಯಾವ ಲೈನಿನಿಂದ ಬರತೈತಿ?" ಇದಕ್ಕೆ ಖಚಿತ ಉತ್ತರ ಇಲ್ಲದವರು ಮುಂಗಡ ಕೊಡಬಾರದು.

ಸಣ್ಣ ರೈತರ ಪತ್ರಿಕೆಯಲ್ಲಿ ಕಾರಿನ ಸುದ್ದಿ ಯಾಕೆ ಎಂದು ಕೇಳುವವರಿದ್ದೀರಿ. ಕಾರು ಒಬ್ಬರದಿರಬಹುದು, ಟಿ.ಸಿ. ಎಲ್ಲರದು. ನಿಮ್ಮ ಬೋರಿನ ಮೋಟರು ನಡೆಯುವುದೂ ಪಕ್ಕದ ತೋಟದವರ ಕಾರು ಚಾರ್ಜ್ ಆಗುವುದೂ ಅದೇ ಟಿ.ಸಿ.ಯಿಂದ. ಅಲ್ಲದೆ ಬ್ಯಾಟರಿ ಸ್ಕೂಟರು, ಮಾಲು ಹೊರುವ ಬ್ಯಾಟರಿ ಆಟೋ ಹಳ್ಳಿಗೆ ಬಂದೇ ಬಿಟ್ಟಿವೆ. ಆದ್ದರಿಂದ ಇದು ಕಾರು ಕೊಳ್ಳದವರೂ ಯೋಚಿಸಬೇಕಾದ ವಿಷಯ.

ಗಾಡಿಯನ್ನು ನಾನು ದೂರುತ್ತಿಲ್ಲ. ಲೆಕ್ಕ ಅದರ ಪರವಾಗಿಯೇ ಇದೆ. ನನ್ನದು 24 ಯೂನಿಟ್ ಹಿಡಿಯುವ ಬ್ಯಾಟರಿ. ಚಾರ್ಜ್ ಆಗುವಾಗಿನ ನಷ್ಟವನ್ನೂ ಸೇರಿಸಿ, ಮೀಟರಿನ ಒಂದು ಯೂನಿಟ್ಟಿಗೆ 6 ಕಿ.ಮೀ. ಹಿಡಿಯುವುದು ಕ್ಷೇಮ. ತೆರಿಗೆ ಎಲ್ಲ ಕೂಡಿ ಯೂನಿಟ್ಟಿಗೆ 7 ರೂಪಾಯಿ ಇಟ್ಟುಕೊಂಡರೂ ಕಿ.ಮೀ.ಗೆ ಒಂದೂಕಾಲು ರೂಪಾಯಿಯ ಒಳಗೇ ಆಯಿತು. ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಇಂದಿನ ದರದಲ್ಲಿ ಆರು ರೂಪಾಯಿ ಮೇಲೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವನಿಗೆ ಐದು ಸಾವಿರ ಉಳಿತಾಯ. ತಿಂಗಳಿಗೆ ಇನ್ನೂರು ಮುನ್ನೂರು ಕಿ.ಮೀ. ಓಡಿಸುವವನಿಗೆ ಗಾಡಿಯ ಹೆಚ್ಚಿನ ಬೆಲೆ ಬೇಗ ಹುಟ್ಟುವುದಿಲ್ಲ. ಅಂಥವರು ಹಳೇ ಗಾಡಿಯನ್ನೇ ಇಟ್ಟುಕೊಳ್ಳುವುದು ಮೇಲು.

ಒಂದು ಕಾರು, ನಾಲ್ಕೂವರೆ ಎಚ್.ಪಿ.

ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಹಚ್ಚಿದ ಕಾರು ಹೆಚ್ಚುಕಡಿಮೆ 3.3 ಕಿಲೋವಾಟ್ ಎಳೆಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಲ್ಕೂವರೆ ಎಚ್.ಪಿ. ಮೋಟರು ನಡೆಸಿದಂತೆ. ಆದರೆ ಮೋಟರಿನ ಭಾರ ಮೂರು ಫೇಸಿನ ಮೇಲೆ ಹಂಚಿಹೋಗುತ್ತದೆ, ಕಾರಿನದು ಒಂದೇ ಫೇಸಿನ ಮೇಲೆ ಬೀಳುತ್ತದೆ. 25 ಕೆ.ವಿ.ಎ. ಟಿ.ಸಿ.ಯಲ್ಲಿ ಒಂದು ಫೇಸಿಗೆ ಬರುವುದು ಎಂಟು ಚಿಲ್ಲರೆ ಕೆ.ವಿ.ಎ. ಅದರಲ್ಲಿ ನೂರಕ್ಕೆ 40ರಷ್ಟನ್ನು ಒಂದೇ ಕಾರು ನುಂಗುತ್ತದೆ. ಅದೇ ಫೇಸಿಗೆ ಎರಡನೇ ಕಾರು ಬಂದರೆ ಏನಾದೀತು, ನೀವೇ ಲೆಕ್ಕ ಹಾಕಿ. ಇದರ ಮೇಲೆ ನಮ್ಮಲ್ಲಿ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟರು ಎತ್ತುವ ರೂಢಿ ಬೇರೆ ಇದೆ.

ಗಾಡಿ ತಂದ ವಾರದಲ್ಲೇ ಬಾಜೂ ತೋಟದ ಹಿರಿಯರು, "ತಮ್ಮಾ, ನಿನ್ನ ಕಾರು ನನ್ನ ಮೋಟರ್ ಸುಡಂಗಿಲ್ಲಲ್ಲ?" ಎಂದು ಕೇಳಿದರು. ನಕ್ಕು ಬಿಡುವ ಮಾತಲ್ಲ. ಕಾಯಿ ಕಟ್ಟುವ ಹೊತ್ತಿನಲ್ಲಿ ಟಿ.ಸಿ. ಸುಟ್ಟು ನಾಲ್ಕು ದಿನ ನೀರು ನಿಂತರೆ ಒಂದು ಎಕರೆ ದ್ರಾಕ್ಷಿಯವನ ವರ್ಷದ ಗಂಜಿಯೇ ಹೋಯಿತು. ಆದ್ದರಿಂದ ಮೀಟರಿನ ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟು, ಯಾವ ಫೇಸಿನ ಮೇಲೆ ಭಾರ ಕಡಿಮೆ ಇದೆ ಎಂದು ಲೈನ್‌ಮನ್‌ನಿಂದ ನೋಡಿಸಿಕೊಂಡೇ ಕಾರು ಹಚ್ಚಬೇಕು. ಲೋಡ್ ಏರಿಸಿದರೆ ತಿಂಗಳ ನಿಗದಿ ಶುಲ್ಕವೂ ಏರುತ್ತದೆ, ನಿಜ. ಅದು ಗಾಡಿಯ ಖರ್ಚೆಂದೇ ತಿಳಿಯಬೇಕು.

ಪಂಪಿನ ಲೈನು ಮುಟ್ಟಬೇಡಿ

"ಪಂಪಿನ ಲೈನಿಗೆ ಹಚ್ಚಿದ್ರ ಪುಕ್ಕಟೆ ಅಲ್ಲೇನು?" ಎನ್ನುವ ಜಾಣರಿದ್ದಾರೆ. ನನ್ನ ಖಡಾಖಂಡಿತ ಮಾತು: ಬ್ಯಾಡ. 10 ಎಚ್.ಪಿ. ತನಕದ ಪಂಪಿಗೆ ಸರಕಾರ ಕೊಡುವ ಉಚಿತ ವಿದ್ಯುತ್ತು ನೀರೆತ್ತಲಿಕ್ಕೆ. ಒಂದು ಕೆಲಸಕ್ಕೆಂದು ಕೊಟ್ಟ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ದುಪ್ಪಟ್ಟು ದರದ ವಸೂಲಿ ಇದೆ. ದಂಡಕ್ಕಿಂತ ದೊಡ್ಡ ಭಯ ನನಗೆ ಇನ್ನೊಂದು. "ರೈತರಿಗೆ ಯಾಕೆ ಪುಕ್ಕಟೆ ಕರೆಂಟು?" ಎಂದು ಕೇಳಲು ಕಾದು ಕುಳಿತವರು ಬೇಕಾದಷ್ಟಿದ್ದಾರೆ. ಪಂಪಿನ ಪೆಟ್ಟಿಗೆಯಿಂದ ಕಾರಿಗೆ ವಾಯರು ಎಳೆದ ಒಂದು ಫೋಟೋ ಅವರಿಗೆ ಸಾಕು. ಹತ್ತು ಜನ ಕಾರಿನವರ ಜಾಣತನಕ್ಕೆ ಸಾವಿರಾರು ಮಂದಿ ಸಣ್ಣ ರೈತರು ಬೆಲೆ ತೆರಬಾರದು.

ಮನೆಯ ಮೀಟರಿನಿಂದ ಸ್ವಂತ ಗಾಡಿ ಚಾರ್ಜ್ ಮಾಡಲು ಅಡ್ಡಿಯಿಲ್ಲ. ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿಯಲ್ಲೇ ಇದು ಸ್ಪಷ್ಟವಿದೆ. ಆದರೆ 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕ ನೆನಪಿರಲಿ. ನಮ್ಮ ಹಳೆಯ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಉಚಿತ. ಅದನ್ನು ಮೀರಿದ್ದಕ್ಕೆ ದುಡ್ಡು. 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನೇ ತುಂಬಬೇಕು. ಮನೆಗೆ 60 ಯೂನಿಟ್ ಸುಡುವವರು 600 ಕಿ.ಮೀ. ಓಡಿಸಿದರೆ ಒಟ್ಟು 160, ಚಿಂತೆಯಿಲ್ಲ. ಸಾವಿರ ಕಿ.ಮೀ. ಓಡಿಸಿದರೆ 225 ದಾಟಿ ಆ ತಿಂಗಳ ಉಚಿತ ಹೋಯಿತು. ಹೋದರೂ ಪೆಟ್ರೋಲಿಗಿಂತ ಸೋವಿಯೇ. ಮೊದಲೇ ಗೊತ್ತಿದ್ದರೆ ಬಿಲ್ಲು ಬಂದಾಗ ಹೌಹಾರುವುದು ತಪ್ಪುತ್ತದೆ.

ಬ್ಯಾಟರಿಯೂ ಕೃಷಿ ಹೊಂಡವೇ

ಹೊಂಡ ಒಣಗಲಿ, ಆಮೇಲೆ ತುಂಬೋಣ ಎಂದು ನಾವ್ಯಾರೂ ಕಾಯುವುದಿಲ್ಲ. ನೀರು ಬಂದಾಗ ಬಂದಷ್ಟು ತುಂಬಿಸಿಕೊಳ್ಳುತ್ತೇವೆ. ಬ್ಯಾಟರಿಗೂ ಅದೇ ನೀತಿ. ಖಾಲಿ ಬ್ಯಾಟರಿ ಪೂರ್ತಿ ತುಂಬಲು ಮನೆ ಸಾಕೆಟ್ಟಿನಲ್ಲಿ ಎಂಟು ತಾಸು ಬೇಕು. ಇದನ್ನು ಕೇಳಿಯೇ ಹೆದರುವವರಿದ್ದಾರೆ. ಆದರೆ ದಿನಾ ಪೂರ್ತಿ ತುಂಬುವ ಗರಜು ಯಾರಿಗಿದೆ? ನಮ್ಮ ವಸ್ತಿಯಿಂದ ವಿಜಯಪುರಕ್ಕೆ ಹೋಗಿ ಬಂದರೆ 50 ಕಿ.ಮೀ. ಒಳಗೆ. ಎಂಟು ಯೂನಿಟ್ ಸಾಕು, ಎರಡೂವರೆ ತಾಸಿನ ಮಾತು. ಅಥಣಿಗೆ ಹೋಗಿ ಬಂದ ದಿನ ಐದು ತಾಸು ಬೇಕಾದೀತು.

ನನ್ನ ಕ್ರಮ ಇಷ್ಟೇ. ಊಟ ಮುಗಿದು ಹಿಟ್ಟಿನ ಗಿರಣಿ, ಟಿ.ವಿ. ಎಲ್ಲ ನಿಂತ ಮೇಲೆ ಕಾರು ಹಚ್ಚುವುದು. ನಮ್ಮ ಬೇಸಗೆಯ 40 ಡಿಗ್ರಿ ಬಿಸಿಲಿನಲ್ಲಿ ನಿಂತು ಕಾದ ಗಾಡಿಯನ್ನು ಬಂದ ಕೂಡಲೇ ಹಚ್ಚುವುದಿಲ್ಲ. ಬಿಸಿ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಚಾರ್ಜು ನೂರಕ್ಕೆ 40ಕ್ಕಿಂತ ಇಳಿಯಲು ಬಿಡುವುದಿಲ್ಲ. ಯಾಕಂದ್ರ ಮುಂಗಾರಿನ ಮೊದಲ ಗಾಳಿಮಳೆಗೆ ಕಂಬ ಬಿದ್ದರೆ ಎರಡು ದಿನ ಕರೆಂಟಿಲ್ಲ. ಆಗಲೂ ದವಾಖಾನೆಗೆ ಹೋಗಿ ಬರುವಷ್ಟು ಗಾಡಿಯಲ್ಲಿ ಇರಬೇಕು. ಮಣೂಕದ ಸವಾಲಿಗೆ ತಾಸಗಾಂವ, ಸಾಂಗ್ಲಿ ಕಡೆ ಹೋಗುವುದಿದ್ದರೆ ಎರಡು ರಾತ್ರಿ ಮೊದಲೇ ತುಂಬಿಸಲು ಸುರು ಮಾಡುವುದು, ದಾರಿಯ ವೇಗದ ಚಾರ್ಜರು ನಡೆಯುತ್ತಿದೆಯೇ ಎಂದು ಹೊರಡುವ ಮುಂಚೆ ಕೇಳಿಕೊಳ್ಳುವುದು.

ಅರ್ಥಿಂಗ್ ಬಗ್ಗೆ ಒಂದು ಮಾತು. ವಸ್ತಿ ಮನೆಗಳಲ್ಲಿ ಅರ್ಥಿಂಗ್ ಅಂದರೆ ನೆಲಕ್ಕೆ ಚುಚ್ಚಿದ ಒಂದು ತಂತಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರು ಚಾಲೂ ಆಗುವುದೇ ಇಲ್ಲ. ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಬೇಸಗೆಯಲ್ಲಿ ನೀರು ಹಾಕಿ ಹಸಿ ಇಡಬೇಕು. ಮೀಟರಿನಿಂದ ಕಾರಿನ ಸಾಕೆಟ್ಟಿಗೆ ದಪ್ಪ ತಾಮ್ರದ ವಾಯರು, ಅದಕ್ಕೇ ಬೇರೆ ಎಮ್‌ಸಿಬಿ. ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕಾರು ಚಾರ್ಜ್ ಮಾಡುವುದೆಂದರೆ ಕಣಕಿ ಬಣವೆ ಪಕ್ಕ ಬೆಂಕಿ ಹಚ್ಚಿ ಮಲಗಿದಂತೆ.

ಸೋಲಾರ್ ಹಾಕಿಸಿದರೆ ಹೇಗೆ? ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. 2024ರ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲಿನ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ದಿನಕ್ಕೆ ಸರಾಸರಿ 12 ಯೂನಿಟ್, ಅಂದರೆ 70 ಕಿ.ಮೀ. ಆದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರು, ಲೈನಿನಲ್ಲಿ ಕರೆಂಟು ಹೋದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಹಾಗೆ ಮಾಡಿರುತ್ತಾರೆ. ಹೀಗಾಗಿ ಹಗಲು ಲೈನು ಇಲ್ಲದ ವಸ್ತಿಗೆ ಇದೊಂದೇ ಉತ್ತರವಲ್ಲ.

ಇನ್ನು ಸರಕಾರಕ್ಕೆ ಒಂದು ಮಾತು. ಬೆಂಗಳೂರಿನ ರೇವಾ ಕಾರು ರಸ್ತೆಗೆ ಬಂದದ್ದು 2001ರಲ್ಲಿ. ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದದ್ದೂ ಕರ್ನಾಟಕವೇ, 2017ರಲ್ಲಿ. ನಮ್ಮ ಜಿಲ್ಲೆಯ ಕೂಡಗಿಯ ಸ್ಥಾವರ 2,400 ಮೆಗಾವಾಟಿನದು. ಆಲಮಟ್ಟಿಯದು 290. ಇಷ್ಟೆಲ್ಲ ಇದ್ದೂ ಪಂಪಿಗೆ ತ್ರೀ ಫೇಸ್ ಏಳು ತಾಸು. ಪಂಪಿನ ಲೈನಿನ ಮೇಲಿರುವ ವಸ್ತಿ ಮನೆಗಳಿಗೆ ಉಳಿದ ಹೊತ್ತು ಲೈನಿನವರು ಬಿಟ್ಟಾಗ ಬಂದಷ್ಟು ಸಿಂಗಲ್ ಫೇಸ್. ಊರೊಳಗಿನ ಮನೆಗೆ ಬೇರೆ ಫೀಡರು ಬಂತು. ತೋಟದ ವಸ್ತಿಯಲ್ಲೂ ಮಕ್ಕಳು ಓದುತ್ತಾರೆ, ಅಲ್ಲೂ ಹಾವು ಚೇಳು ಇವೆ. ರಾತ್ರಿ ಇಂಥ ಗಂಟೆಯಿಂದ ಇಂಥ ಗಂಟೆಗೆ ಎಂದು ಖಾತ್ರಿ ಮಾಡಿ ಮೀಟರಿನ ಸಿಂಗಲ್ ಫೇಸ್ ಕೊಡಿ. ದುಡ್ಡು ಕೊಡಲು ನಾವು ತಯಾರು. ಕಾರಿನ ಲೋಡ್ ಮಂಜೂರು ಮಾಡುವ ಮೊದಲು ಟಿ.ಸಿ. ತಾಳುತ್ತದೆಯೇ ನೋಡಿ, ಇಲ್ಲವಾದರೆ ದೊಡ್ಡದು ಕೂಡಿಸಿ. ಚಾರ್ಜರುಗಳನ್ನು ಹೆದ್ದಾರಿಯ ಹೋಟೆಲಿನ ಮುಂದೆ ಮಾತ್ರವಲ್ಲ, ಟಿಕೋಟಾ, ಬಬಲೇಶ್ವರದಂಥ ಹೊಸ ತಾಲೂಕು ಊರುಗಳಲ್ಲೂ ರೈತ ಮಾಲು ಇಳಿಸುವ ಜಾಗದಲ್ಲಿ ನಿಲ್ಲಿಸಿ.

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಒಂದು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಮನೆಗೆ ಕರೆಂಟು ಬಂದ ಹೊತ್ತು, ಹೋದ ಹೊತ್ತು ಬರೆದಿಡಿ. ದಿನಕ್ಕೆ ಸರಾಸರಿ ನಾಲ್ಕು ತಾಸು ಸರಿಯಾದ ವೋಲ್ಟೇಜು ಸಿಕ್ಕರೆ ಸಣ್ಣ ಕಾರು ಸಾಕಬಹುದು. ಸಿಗದಿದ್ದರೆ ಆ ಕ್ಯಾಲೆಂಡರನ್ನೇ ಅರ್ಜಿಗೆ ಹಚ್ಚಿ ಸೆಕ್ಷನ್ ಆಫೀಸಿಗೆ ಕೊಡಿ. ಕಾರು ಬೇಡದವರಿಗೂ ಅದು ಉಪಯೋಗಕ್ಕೆ ಬಂದೀತು.