ಬ್ಯಾಂಕ್ ‘ರೈಟ್ ಆಫ್’ ಮಾಡಿದ ಹಳೆಯ ಸಾಲವನ್ನು ಕಟ್ಟಬೇಕಿಲ್ಲವೇ? ಮನೆ ಕೊಳ್ಳುವ ಮುನ್ನ ಇದನ್ನು ಓದಿ

‘ಬ್ಯಾಂಕ್ ರೈಟ್ ಆಫ್ ಮಾಡಿದರೆ ಸಾಲ ಮನ್ನಾ ಆದಂತೆ. ಏಳು ವರ್ಷ ಸುಮ್ಮನಿದ್ದರೆ ಸಿಬಿಲ್‌ನಿಂದಲೂ ತಾನಾಗಿಯೇ ಅಳಿಸಿಹೋಗುತ್ತದೆ.’ ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಇದನ್ನು ನಂಬಿ ಮನೆಗೆ ಮುಂಗಡ ಕೊಟ್ಟರೆ, ಗೃಹಸಾಲ ಸಿಗದೆ ಆ ಮುಂಗಡವೇ ಕೈತಪ್ಪಬಹುದು. ಇದರಲ್ಲಿ ಎಷ್ಟು ನಿಜ, ನೋಡೋಣ.

ರೈಟ್ ಆಫ್ ಎಂದರೆ ಮನ್ನಾ ಅಲ್ಲ

ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೂ ಹಣ ಬರುವ ಲಕ್ಷಣ ಕಾಣದಿದ್ದರೆ ಬ್ಯಾಂಕ್ ಅದನ್ನು ತನ್ನ ಆಸ್ತಿಯ ಲೆಕ್ಕದಿಂದ ತೆಗೆಯುತ್ತದೆ. ಇದೇ ರೈಟ್ ಆಫ್. ಇದು ಬ್ಯಾಂಕಿನ ಲೆಕ್ಕಪತ್ರಕ್ಕೆ ಸೇರಿದ್ದು. ಸಾಲ ಪಡೆದವರ ಹೊಣೆ ಹಾಗೆಯೇ ಉಳಿಯುತ್ತದೆ. ಕೇಂದ್ರ ಸರ್ಕಾರ ಸಂಸತ್ತಿನಲ್ಲೂ ಇದನ್ನು ಹಲವು ಬಾರಿ ಸ್ಪಷ್ಟಪಡಿಸಿದೆ.

ಏಳು ವರ್ಷದ ಲೆಕ್ಕ

ಸಾಲದ ಮಾಹಿತಿಯನ್ನು ಏಳು ವರ್ಷ ಇಡಬೇಕೆಂಬ ನಿಯಮ ಇರುವುದು ನಿಜ. ಆದರೆ ನಿಯಮ ಹೇಳುವುದು ‘ಕನಿಷ್ಠ ಏಳು ವರ್ಷ’ ಎಂದು. ಏಳು ತುಂಬಿದ ದಿನ ಅಳಿಸಲೇಬೇಕು ಎಂದಲ್ಲ. ಹಾಗೆಯೇ, ಜಾಮೀನಿಲ್ಲದ ಸಾಲದ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ. ಅದು ಮುಗಿದರೆ ಕೋರ್ಟಿನ ದಾರಿ ಮುಚ್ಚಬಹುದು, ವರದಿಯಲ್ಲಿನ ದಾಖಲೆ ಅಳಿಯುವುದಿಲ್ಲ. ಗೃಹಸಾಲ ಕೊಡುವವರು ನೋಡುವುದು ಆ ದಾಖಲೆಯನ್ನೇ.

‘ಸೆಟಲ್ಡ್’ ಬೇರೆ, ‘ಕ್ಲೋಸ್ಡ್’ ಬೇರೆ

ಉದಾಹರಣೆಗೆ, ಹಳೆಯ ಕ್ರೆಡಿಟ್ ಕಾರ್ಡ್ ಬಾಕಿ ಬಡ್ಡಿ ಸೇರಿ 90,000 ರೂ. ಆಗಿದೆ ಎಂದುಕೊಳ್ಳಿ. ‘35,000 ಕಟ್ಟಿ, ಮುಗಿಸೋಣ’ ಎಂದು ಬ್ಯಾಂಕ್ ಹೇಳಬಹುದು. ಕಟ್ಟಿದರೆ ವಸೂಲಿಯ ಕರೆಗಳು ನಿಲ್ಲುತ್ತವೆ, ಆದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ಅಂದರೆ ಪೂರ್ತಿ ಹಣ ಬಂದಿಲ್ಲ ಎಂದರ್ಥ. ಹೀಗೆ ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ (ಕೃಷಿ ಸಾಲಕ್ಕೆ ಈ ಮಿತಿ ಅನ್ವಯಿಸದು) ಎಂದು ಆರ್‌ಬಿಐ 2023ರ ಜೂನ್‌ನಲ್ಲಿ ಹೇಳಿದೆ. ಹಾಗಾಗಿ ಮನೆ ಕೊಳ್ಳುವ ಯೋಚನೆ ಇದ್ದರೆ, ಸಾಧ್ಯವಾದಷ್ಟೂ ಪೂರ್ತಿ ಕಟ್ಟಿ ಮುಗಿಸುವುದೇ ಮೇಲು. ಬಡ್ಡಿ, ದಂಡದಲ್ಲಿ ರಿಯಾಯಿತಿ ಕೇಳುವುದಾದರೆ, ವರದಿಯಲ್ಲಿ ಏನೆಂದು ದಾಖಲಿಸುತ್ತೀರಿ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಏನು ಮಾಡಬೇಕು?

1. ಮುಂಗಡ ಕೊಡುವ ಮೊದಲೇ ವರದಿ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ – ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

2. ಸಾಲ ಈಗ ಯಾರ ಕೈಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಬ್ಯಾಂಕ್ ಅದನ್ನು ಬೇರೆ ಕಂಪನಿಗೆ ಮಾರಿರಬಹುದು. ಏಜೆಂಟರ ಕೈಗೆ ಅಥವಾ ಅವರ ಯುಪಿಐಗೆ ಹಣ ಹಾಕಬೇಡಿ. ಸಂಸ್ಥೆಯ ಸಾಲದ ಖಾತೆಗೇ ಕಟ್ಟಿ.

3. ‘ಬಾಕಿ ಇಲ್ಲ’ ಎಂಬ ಪತ್ರ ಪಡೆದು ಜೋಪಾನವಾಗಿಡಿ.

4. ಒಂದೆರಡು ತಿಂಗಳ ಬಳಿಕ ವರದಿ ಮತ್ತೆ ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೇಳುವ ಹಕ್ಕು ನಿಮಗಿದೆ. ಅಲ್ಲೂ ಆಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ.

ಒಂದು ಮಾತು: ಪೂರ್ತಿ ಕಟ್ಟಿದ ಮಾತ್ರಕ್ಕೆ ಸ್ಕೋರ್ ರಾತ್ರೋರಾತ್ರಿ ಏರುವುದಿಲ್ಲ. ತಪ್ಪಿದ ಕಂತುಗಳ ಚರಿತ್ರೆ ಕೆಲಕಾಲ ಉಳಿಯುತ್ತದೆ. ‘ಹಣ ಕೊಟ್ಟರೆ ಒಂದೇ ವಾರದಲ್ಲಿ ಸಿಬಿಲ್ ಕ್ಲಿಯರ್’ ಎನ್ನುವವರನ್ನು ನಂಬಬೇಡಿ. ಸರಿಯಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ.

ತೀರ್ಮಾನ: ರೈಟ್ ಆಫ್ ಆದರೆ ಸಾಲ ಮನ್ನಾ ಎಂಬ ಸಂದೇಶ ಸುಳ್ಳು. ಮನೆ ಹುಡುಕುತ್ತಿರುವವರು ನಿಮ್ಮ ಗುಂಪಿನಲ್ಲಿದ್ದರೆ, ಆ ಸಂದೇಶದ ಬದಲು ಇದನ್ನು ಕಳುಹಿಸಿ.